ಚಾಸಿ ನಂಬರಿನಲ್ಲಿ ಒಂದು ಅಂಕಿ ತಪ್ಪಿದರೆ

ಕಾರು ಡೀಲರ್ ಒಬ್ಬರ ಸರ್ವಿಸ್ ವಿಭಾಗದಲ್ಲಿ ರೀಕಾಲ್ ದುರಸ್ತಿಗಳ, ಅಂದರೆ ದೋಷವಿರಬಹುದಾದ ಗಾಡಿಗಳನ್ನು ಕಂಪನಿಯೇ ವಾಪಸ್ ಕರೆಸಿ ಮಾಡಿಸುವ ದುರಸ್ತಿಗಳ, ದಾಖಲೆ ನೋಡಿಕೊಳ್ಳುವುದು ನನ್ನ ಕೆಲಸ. ಗಾಡಿ ಯಾವ ಕೆಲಸಕ್ಕೇ ಬಂದಿರಲಿ, ಆಯಿಲ್ ಬದಲಿಸಲಿಕ್ಕೇ ಬಂದಿರಲಿ, ಮೊದಲು ಬಗ್ಗಿ ಅದರ 17 ಅಕ್ಷರ-ಅಂಕಿಗಳ ಚಾಸಿ ನಂಬರನ್ನು ಗಾಡಿಯ ಮೇಲೆಯೇ ಓದಿಕೊಳ್ಳುತ್ತೇನೆ. ನೋಂದಣಿ ಪತ್ರದ ಮಸುಕು ಪ್ರತಿಯನ್ನು ನಾನು ನಂಬುವುದಿಲ್ಲ. ರೀಕಾಲ್ ಬರುವುದು ಚಾಸಿ ನಂಬರಿಗೆ. ಒಂದೇ ಮಾದರಿಯ, ಒಂದೇ ವರ್ಷದ ಎರಡು ಕಾರುಗಳಲ್ಲಿ ಒಂದಕ್ಕೆ ಇದ್ದು ಇನ್ನೊಂದಕ್ಕೆ ಇಲ್ಲದಿರಬಹುದು.

ಕಾರು ಕೈ ಬದಲಾದಾಗ ಕಂಪನಿಯ ಪತ್ರ ಎಷ್ಟೋ ಸಲ ಹಳೆಯ ಮಾಲೀಕರ ವಿಳಾಸಕ್ಕೇ ಹೋಗುತ್ತದೆ. ಹೊಸಬರಿಗೆ ವಿಷಯ ತಿಳಿಯುವುದು ನಮ್ಮ ಬಾಗಿಲಲ್ಲಿ. ‘ನಾನು ಸೆಕೆಂಡ್‌ಹ್ಯಾಂಡ್ ಕೊಂಡಿದ್ದು, ದುಡ್ಡು ಎಷ್ಟಾಗುತ್ತದೆ?’ ಎಂದು ಅಳುಕುತ್ತಾ ಕೇಳುತ್ತಾರೆ. ರೀಕಾಲ್ ಕೆಲಸಕ್ಕೆ ಹಣ ಕೊಡಬೇಕಾಗಿಲ್ಲ ಎಂದಾಗ ಅವರ ಮುಖ ಸಡಿಲವಾಗುತ್ತದೆ.

ಜಾಬ್ ಕಾರ್ಡ್‌ನಲ್ಲಿ ರೀಕಾಲ್‌ಗೆ ಬೇರೆಯೇ ಸಾಲು ಬರೆಯುತ್ತೇನೆ. ‘ಕೆಲಸ ಮಾಡಲಾಗಿದೆ’ ಎಂಬ ಎರಡು ಪದ ನನಗೆ ಸಾಲದು. ಏರ್‌ಬ್ಯಾಗ್ ಇನ್‌ಫ್ಲೇಟರ್ (ಅಪಘಾತವಾದಾಗ ಏರ್‌ಬ್ಯಾಗನ್ನು ಅನಿಲದಿಂದ ಉಬ್ಬಿಸುವ ಲೋಹದ ಡಬ್ಬಿ) ಬದಲಿಸಿದರೆ ಹಳೆಯದರ ಕ್ರಮಸಂಖ್ಯೆ, ಹೊಸದರ ಕ್ರಮಸಂಖ್ಯೆ, ಎರಡರ ಫೋಟೋ, ಮೆಕ್ಯಾನಿಕ್‌ನ ಸಹಿ ಎಲ್ಲವೂ ಬೇಕು. ಟಕಾಟಾ ಕಂಪನಿಯ ಇನ್‌ಫ್ಲೇಟರ್‌ಗಳ ಕಥೆ ಬಲ್ಲವರು ಇದನ್ನು ಅತಿಯೆನ್ನಲಾರರು: ಒಳಗಿನ ಅಮೋನಿಯಂ ನೈಟ್ರೇಟ್ ವರ್ಷಗಟ್ಟಲೆ ಸೆಕೆ, ತೇವಕ್ಕೆ ಸಿಕ್ಕು ಕೆಟ್ಟು, ಜೀವ ಉಳಿಸಬೇಕಾದ ಹೊತ್ತಿನಲ್ಲಿ ಲೋಹದ ಡಬ್ಬಿಯೇ ಸಿಡಿದು ಚೂರುಗಳು ಜನರ ಮೇಲೆ ಎರಗಿದವು. ಕಳಚಿದ ಭಾಗವನ್ನು ಗುಜರಿಗೆ ಹಾಕುವಂತಿಲ್ಲ; ಅಪಾಯಕಾರಿ ವಸ್ತುವೆಂದು ಎಣಿಸಿ, ಕಟ್ಟಿ ಹಿಂದಿರುಗಿಸಬೇಕು. ಬರೀ ತಪಾಸಣೆಯಲ್ಲೇ ಮುಗಿಯುವ ರೀಕಾಲ್‌ಗಳೂ ಇವೆ. ಭಾಗ ಸರಿಯಿತ್ತು ಎನ್ನುವುದನ್ನೂ ಬರೆದೇ ಮುಗಿಸಬೇಕು.

ನನ್ನ ಕೈಯಿಂದ ಒಮ್ಮೆ ತಪ್ಪಾಯಿತು. ಒಂದೇ ಬಣ್ಣದ, ಒಂದೇ ಮಾದರಿಯ ಎರಡು ಕಾರುಗಳು ಒಂದೇ ಬೆಳಿಗ್ಗೆ ಬಂದಿದ್ದವು, ಎರಡಕ್ಕೂ ಇನ್‌ಫ್ಲೇಟರ್ ರೀಕಾಲ್ ಬಾಕಿಯಿತ್ತು. ಒಬ್ಬರು ಸಮಯವಿಲ್ಲವೆಂದು ಹಾಗೇ ಹೊರಟುಹೋದರು. ಸಂಜೆ ಕ್ಲೇಮ್, ಅಂದರೆ ಮಾಡಿದ ಕೆಲಸದ ಹಣಕ್ಕಾಗಿ ಕಂಪನಿಗೆ ಕಳುಹಿಸುವ ಅರ್ಜಿ, ತುಂಬುವಾಗ ನಾನು ಹೋದವರ ನಂಬರನ್ನೇ ಹಾಕಿಬಿಟ್ಟೆ. ಕಳುಹಿಸಿದ ಮೇಲೆ, ಕೆಲಸವಾದ ಕಾರಿನ ಚಾಸಿ ನಂಬರಿನ ಫೋಟೋ ತೆರೆದು ನೋಡಿದರೆ ಕೊನೆಯ ಅಂಕಿ 3. ಪರದೆಯ ಮೇಲೆ 8. ಎದೆ ಧಸಕ್ಕೆಂದಿತು. ಕೆಲಸವೇ ಆಗದ ಕಾರು ಕಂಪ್ಯೂಟರಿನಲ್ಲಿ ‘ಪೂರ್ಣ’ ಎಂದು ಕೂತಿತ್ತು. ಇನ್ನು ಯಾವ ಡೀಲರ್ ಬಳಿ ಹೋದರೂ ಅವರನ್ನು ಯಾರೂ ತಡೆದು ಹೇಳುತ್ತಿರಲಿಲ್ಲ.

ಅಂದೇ ಮ್ಯಾನೇಜರ್‌ಗೆ ತಿಳಿಸಿ ಕ್ಲೇಮ್ ಹಿಂಪಡೆದೆ, ಮಾಲೀಕರಿಗೆ ನಾನೇ ಫೋನ್ ಮಾಡಿ ಆದದ್ದನ್ನು ಹೇಳಿದೆ. ‘ನಾಳೆಯೇ ಬರುತ್ತೇನೆ’ ಎಂದರು. ಮರುದಿನ ಹೊಸ ಇನ್‌ಫ್ಲೇಟರ್ ಕೂರಿಸುವವರೆಗೂ ನಾನು ಆ ಕಾರಿನ ಪಕ್ಕದಿಂದ ಕದಲಲಿಲ್ಲ.

ಈಗ ಕ್ಲೇಮ್ ಹೋಗುವ ಮುನ್ನ ಮೆಕ್ಯಾನಿಕ್ ಗಾಡಿಯ ಬಳಿ ನಿಂತು ನಂಬರನ್ನು ಗಟ್ಟಿಯಾಗಿ ಓದುತ್ತಾನೆ, ನಾನು ಪರದೆಯ ಮೇಲೆ ಒಂದೊಂದೇ ಅಂಕಿಗೆ ಬೆರಳಿಡುತ್ತೇನೆ. ಮೂರು, ಎಂಟು ಬಂದಾಗ ಅವನು ಎರಡು ಸಲ ಹೇಳುತ್ತಾನೆ.