ನಡೆದುಕೊಂಡು ಬಂದ ಸ್ಟ್ರೋಕ್ ಪೇಷಂಟ್‌ಗೂ ಆಂಜಿಯೋ: ಕೊಡಗಿನಲ್ಲಿ ನನ್ನ ಅನುಭವ

ಸಣ್ಣ ಸ್ಟ್ರೋಕ್ ಆಗಿ ಬಂದವರಿಗೆಲ್ಲ ಪ್ಲೇನ್ ಸಿಟಿ ಜೊತೆಗೇ ಕುತ್ತಿಗೆ ಮತ್ತು ಮೆದುಳಿನ ಆಂಜಿಯೋ (ಕಾಂಟ್ರಾಸ್ಟ್ ಔಷಧ ಬಿಟ್ಟು ರಕ್ತನಾಳ ತೋರಿಸುವ ಸಿಟಿ) ಮಾಡಿಸುವುದು ಈಗ ನನ್ನ ಪದ್ಧತಿ. ಎನ್‌ಐಎಚ್‌ಎಸ್‌ಎಸ್ ಅಂಕ (ಸ್ಟ್ರೋಕ್ ತೀವ್ರತೆಯ ಅಳತೆ) ಎರಡಿರಲಿ, ಒಂದೇ ಇರಲಿ. ಶುರು ಮಾಡಿದಾಗ ದೊಡ್ಡ ಊರಿನ ಗೆಳೆಯರು ಯಾರೂ ಒಪ್ಪಲಿಲ್ಲ. "ಹದಿನಾರು ಸ್ಲೈಸ್ ಸಿಟಿ ಮಿಷನ್ ಇಟ್ಕೊಂಡು ಆಂಜಿಯೋನಾ? ನಡೆದಾಡೋ ಪೇಷಂಟ್‌ಗೆ ಸುಮ್ನೆ ಯಾಕ್ರೀ ಖರ್ಚು?" ಅಂದರು. ಈಗ ಅವರಲ್ಲೇ ಇಬ್ಬರು ನನ್ನ ಪ್ರೋಟೋಕಾಲ್ ಕೇಳಿ ತರಿಸಿಕೊಂಡಿದ್ದಾರೆ.

ಅವರ ಲೆಕ್ಕ ಅವರ ಊರಿಗೆ ಸರಿ. ಪೇಷಂಟ್ ಕುಸಿದರೆ ನಾಳದೊಳಗೆ ತಂತಿ ಹಾಕಿ ಚಿಕಿತ್ಸೆ ಮಾಡುವ ಕ್ಯಾಥ್‌ಲ್ಯಾಬ್ ಮೇಲಿನ ಮಹಡಿಯಲ್ಲೇ ಇರುತ್ತದೆ. ನಮಗೆ ಮಡಿಕೇರಿಯಿಂದ ಮೈಸೂರು ಸುಮಾರು 120 ಕಿ.ಮೀ. ಮಳೆಯಲ್ಲಿ ಮೂರು ಗಂಟೆಗೆ ಕಡಿಮೆ ಇಲ್ಲ. ಮಂಗಳೂರು ಅಂದರೆ ಸಂಪಾಜೆ ಘಾಟಿ ಇಳಿಯಬೇಕು. 2018ರ ಆಗಸ್ಟ್‌ನಲ್ಲಿ ಜೋಡುಪಾಲದ ಹತ್ತಿರ ಗುಡ್ಡ ಕುಸಿದು ಆ ದಾರಿಯೇ ಬಂದ್ ಆಗಿತ್ತಲ್ಲ. ಇಲ್ಲಿ ಕುಸಿದ ಮೇಲೆ ಕಳಿಸಿದರೆ ಥ್ರಾಂಬೆಕ್ಟಮಿಗೆ (ನಾಳದೊಳಗಿಂದ ರಕ್ತದ ಹೆಪ್ಪು ಎಳೆದು ತೆಗೆಯುವುದಕ್ಕೆ) ತಲುಪುವ ಹೊತ್ತಿಗೆ ಉಳಿಸಲು ಏನೂ ಇರುವುದಿಲ್ಲ. ಯಾರು ಕುಸಿಯಬಹುದು ಅಂತ ಕುಸಿಯುವ ಮೊದಲೇ ಗೊತ್ತಾಗಬೇಕು. ಕೈಕಾಲು ನೋಡಿದರೆ ಅದು ಗೊತ್ತಾಗುವುದಿಲ್ಲ. ಮೆದುಳಿನ ನಡುವಿನ ದೊಡ್ಡ ಧಮನಿಯ (ಎಂಸಿಎ) ಮೊದಲ ಭಾಗವಾದ ಎಂ1 ಮುಚ್ಚಿದ್ದರೂ ಕೊಲ್ಯಾಟರಲ್ (ಅಕ್ಕಪಕ್ಕದಿಂದ ರಕ್ತ ತರುವ ಸಹಾಯಕ ನಾಳಗಳು) ಚೆನ್ನಾಗಿದ್ದರೆ ಮನುಷ್ಯ ನಡೆದೇ ಬರುತ್ತಾನೆ. ಹೆಪ್ಪು ಸ್ವಲ್ಪ ಬೆಳೆಯಲಿ, ಬಿಪಿ ಸ್ವಲ್ಪ ಇಳಿಯಲಿ, ಅರ್ಧ ಗಂಟೆಯಲ್ಲಿ ಮಾತು ನಿಂತು ಹೋಗುತ್ತದೆ.

ಮೊದಲ ಕೆಲವು ತಿಂಗಳು ಬರೀ ಸೋಲು. ಸೆಂಟರ್‌ನಲ್ಲಿ (ಸ್ಕ್ಯಾನ್ ಸೆಂಟರ್) ಪ್ರೆಶರ್ ಇಂಜೆಕ್ಟರ್ ಇರಲಿಲ್ಲ. ಕೈಯಲ್ಲೇ ಒತ್ತಿದರೆ ಕಾಂಟ್ರಾಸ್ಟ್ ಹರಡಿಹೋಗಿ ಎಂ1ರ ಮುಂದಿನ ಕವಲಾದ ಎಂ2 ದಾಟಿದ ಮೇಲೆ ಏನೂ ಕಾಣುತ್ತಿರಲಿಲ್ಲ. ಸೆಂಟರ್‌ನವರ ಬೆನ್ನು ಬಿದ್ದು ಸೆಕೆಂಡ್ ಹ್ಯಾಂಡ್ ಇಂಜೆಕ್ಟರ್ ತರಿಸಿದೆವು. ನೆನಪಿನ ಪ್ರಕಾರ ನಾಲ್ಕು ಲಕ್ಷದ ಹತ್ತಿರ ಬಿತ್ತು, ಅರ್ಧ ನನ್ನ ಜೇಬಿನಿಂದ. ಆಮೇಲೆ ಕ್ಯಾನುಲಾ ಸಮಸ್ಯೆ. ಬೇರೆ ಕಡೆಯಿಂದ ಬರುವ ಪೇಷಂಟ್‌ಗಳಿಗೆಲ್ಲ ಅಂಗೈ ಹಿಂದೆ ಸಣ್ಣ ನೀಲಿ ಕ್ಯಾನುಲಾ ಚುಚ್ಚಿ ಕಳಿಸಿರುತ್ತಾರೆ. ಸೆಕೆಂಡಿಗೆ 4 ಎಂಎಲ್ ಬಿಟ್ಟ ಕೂಡಲೇ ಸಿರೆ ಒಡೆದು ಕೈ ಊದಿಕೊಳ್ಳುತ್ತದೆ, ಬಾಟಲಿ ದಂಡ. ಈಗ ಬಲಗೈ ಮೊಣಕೈ ಮಡಿಕೆಯಲ್ಲಿ ದಪ್ಪ ಹಸಿರು ಕ್ಯಾನುಲಾ ಇಲ್ಲದೆ ಟೇಬಲ್ ಹತ್ತಿಸುವುದೇ ಇಲ್ಲ. ಎಡಗೈಯಾದರೆ ಎದೆಯ ಮುಂದೆ ಹಾಯುವ ದೊಡ್ಡ ಸಿರೆಯ ಹೊಳಪು ಕತ್ತಿನ ನಾಳಗಳ ಬುಡವನ್ನೇ ಮುಚ್ಚುತ್ತದೆ.

ಹದಿನಾರು ಸ್ಲೈಸ್‌ನಲ್ಲಿ ನಿಜವಾದ ತಲೆನೋವು ಟೈಮಿಂಗ್. ಮಿಷನ್ ನಿಧಾನ. ಹೃದಯದ ಮೇಲಿನ ಮಹಾಧಮನಿಯ ಆರ್ಚ್‌ನಿಂದ ನೆತ್ತಿ ತಲುಪುವಷ್ಟರಲ್ಲಿ ಸಿರೆಗಳೂ ತುಂಬಿಬಿಡುತ್ತವೆ. ಕಣ್ಣಿನ ಹಿಂದಿನ ಸಿರೆಗಳ ಗೂಡಾದ ಕ್ಯಾವರ್ನಸ್ ಸೈನಸ್ ಬೆಳಗಿದರೆ ಅದರೊಳಗಿನ ಕೆರೋಟಿಡ್ ಧಮನಿ ಎಲ್ಲಿ ಕಿರಿದಾಗಿದೆ ಅಂತ ಹೇಳುವುದು ಹೇಗೆ? ನಾನು ಸ್ಕ್ಯಾನ್ ಶುರುವಾಗುವ ಟ್ರಿಗರ್ ಎಲ್ಲಿ ಇಡುತ್ತೇನೆ, ಎಷ್ಟು ಯೂನಿಟ್‌ಗೆ ಬಿಡುತ್ತೇನೆ ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ. ಮಿಷನ್‌ನಿಂದ ಮಿಷನ್‌ಗೆ ಅದು ಬೇರೆ. ಬಂದು ನಮ್ಮ ಟೆಕ್ನಿಷಿಯನ್ ಪಕ್ಕ ಒಂದು ದಿನ ಕೂತರೆ ತೋರಿಸುತ್ತೇವೆ. 70 ಎಂಎಲ್ ಕಾಂಟ್ರಾಸ್ಟ್, ಹಿಂದೆಯೇ ಸಲೈನ್, ಇಷ್ಟು ಸಾಕು. ಕಿಡ್ನಿಯ ಕ್ರಿಯಾಟಿನಿನ್ ರಿಪೋರ್ಟ್‌ಗೆ ನಾನು ಕಾಯುವುದಿಲ್ಲ.

ಓದುವಾಗ ಮೊದಲು ನೋಡುವುದು ಎಲ್ಲಿ ಮುಚ್ಚಿದೆ, ಆಮೇಲೆ ಹೆಪ್ಪು ಎಷ್ಟು ಉದ್ದ. ಹೃದಯಕ್ಕೆ ಹತ್ತಿರವಿದ್ದಷ್ಟೂ, ಉದ್ದ ಇದ್ದಷ್ಟೂ ಕುಸಿಯುವ ಭಯ ಜಾಸ್ತಿ. 8 ಮಿ.ಮೀ. ದಾಟಿದ ಹೆಪ್ಪು ಇಂಜೆಕ್ಷನ್‌ಗೆ ಕರಗುವುದು ತೀರಾ ಕಷ್ಟ ಅಂತ 2011ರಲ್ಲೇ ಜರ್ಮನಿಯ ಕೀಲ್ ತಂಡ ತೋರಿಸಿತ್ತು. ಉದ್ದ ಅಳೆಯಲು ಪ್ಲೇನ್ ಸಿಟಿಯ ತೆಳು ಸ್ಲೈಸ್‌ಗಳೇ ಬೇಕು. 5 ಮಿ.ಮೀ. ಫಿಲ್ಮ್ ನೋಡಿ ಅಳೆಯಲು ಹೋಗಬೇಡಿ. ಮೈಸೂರಿನ ಥ್ರಾಂಬೆಕ್ಟಮಿ ತಂಡಕ್ಕೆ ಫೋಟೋ ಕಳಿಸುವುದನ್ನೂ ಬಿಟ್ಟಿದ್ದೇನೆ. ಮಿಪ್ (ನಾಳಗಳನ್ನು ಒಟ್ಟುಗೂಡಿಸಿ ತೋರಿಸುವ ಚಿತ್ರ) ಸ್ಕ್ರೋಲ್ ಮಾಡುತ್ತಾ ಫೋನ್‌ನಲ್ಲಿ ವಿಡಿಯೋ ಹಿಡಿದು ಕಳಿಸಿದರೆ ಐದು ನಿಮಿಷದಲ್ಲಿ ಉತ್ತರ ಬರುತ್ತದೆ.

ಸಿದ್ದಾಪುರ ಕಡೆಯ ಎಸ್ಟೇಟ್ ರೈಟರ್ ಒಬ್ಬರು ಕಾಫಿ ಕುಯ್ಲಿನ ಸಮಯದಲ್ಲಿ ಬಂದರು. ನಾಲಿಗೆ ಸ್ವಲ್ಪ ತೊದಲು, ಬಲಗೈಯಲ್ಲಿ ಪೆನ್ನು ನಿಲ್ಲುತ್ತಿಲ್ಲ, ಅಷ್ಟೇ. ಸಂಜೆ ಬಟವಾಡೆ ಇದೆ, ಬಿಟ್ಟುಬಿಡಿ ಅನ್ನುತ್ತಿದ್ದರು. ಆಂಜಿಯೋದಲ್ಲಿ ಎಡ ಎಂ1 ಬುಡದಲ್ಲೇ ಕಡಿದು ನಿಂತಿತ್ತು. ಹೆಂಡತಿ ಕೇಳಿದರು, "ನಡ್ಕೊಂಡು ಬಂದವ್ರನ್ನ ಆಂಬುಲೆನ್ಸಲ್ಲಿ ಮಲಗಿಸ್ತೀರಲ್ಲ ಡಾಕ್ಟ್ರೇ?" ಚಿತ್ರ ತೋರಿಸಿದೆ. ಬಲಕ್ಕಿರುವ ಕೊಂಬೆ ಎಡಕ್ಕೆ ಇಲ್ಲ ಅನ್ನುವುದು ಅವರಿಗೇ ಕಂಡಿತು. ಹುಣಸೂರು ದಾಟುವಾಗ ಅವರ ಬಲಭಾಗ ಪೂರ್ತಿ ಬಿದ್ದುಹೋಯಿತು. ಆದರೆ ಆಗ ಮೈಸೂರು ಮುಕ್ಕಾಲು ಗಂಟೆ ದೂರ, ತಂಡ ರೆಡಿ ಇತ್ತು. ಹೆಪ್ಪು ತೆಗೆದರು. ಮುಂದಿನ ಕುಯ್ಲಿಗೆ ಅವರೇ ಮತ್ತೆ ಲೆಡ್ಜರ್ ಬರೆದರು.

ದಾರಿಯಲ್ಲಿ ಎರಡು ವಿಷಯಕ್ಕೆ ನಾನು ಜಗಳವನ್ನೇ ಆಡುತ್ತೇನೆ. ತಲೆ ಮಟ್ಟಸವಾಗಿ ಇರಬೇಕು, ದಿಂಬು ಬೇಡ. ದೊಡ್ಡ ನಾಳ ಮುಚ್ಚಿ ಥ್ರಾಂಬೆಕ್ಟಮಿಗೆ ಕಾಯುವವರನ್ನು ಚಪ್ಪಟೆ ಮಲಗಿಸಿದರೆ ಕುಸಿತ ಕಡಿಮೆ ಅಂತ 2024ರಲ್ಲಿ ಝೋಡಿಯಾಕ್ ಟ್ರಯಲ್ ಹೇಳಿತು. ನಾವು ಅದಕ್ಕೂ ಮೊದಲಿನಿಂದ ಮಾಡುತ್ತಿದ್ದೆವು. ಎರಡನೆಯದು, ಬಿಪಿ 180 ಇದೆ ಅಂತ ನಾಲಿಗೆ ಕೆಳಗೆ ಬಿಪಿ ಇಳಿಸುವ ನಿಫೆಡಿಪಿನ್ ಇಡಬೇಡಿ. ಕೊಲ್ಯಾಟರಲ್ ನಿಂತಿರುವುದೇ ಆ ಬಿಪಿ ಮೇಲೆ.

ಹಣದ ಮಾತು. ಆಂಜಿಯೋಗೆ ಏಳೆಂಟು ಸಾವಿರ, ಆಂಬುಲೆನ್ಸ್‌ಗೆ ಐದಾರು ಸಾವಿರ, ಮೈಸೂರಿನಲ್ಲಿ ಥ್ರಾಂಬೆಕ್ಟಮಿ ಆದರೆ ನಾಲ್ಕೈದು ಲಕ್ಷ. ತೋಟದ ಕೂಲಿಯವರಿಗೆ ಮೊದಲನೆಯದೇ ಭಾರ. ಕೆಲವು ತೋಟದ ಮಾಲೀಕರ ಜೊತೆ ಮಾತಾಡಿ ಆಂಜಿಯೋ ಖರ್ಚು ಅವರೇ ಕೊಡುವಂತೆ ಒಪ್ಪಿಸಿದ್ದೇನೆ. ಉಳಿದವರಿಗೆ ಸೆಂಟರ್‌ನವರು ಬರೀ ಕಾಂಟ್ರಾಸ್ಟ್ ದುಡ್ಡು ತೆಗೆದುಕೊಳ್ಳುತ್ತಾರೆ.

ಫಲಿತಾಂಶ? ಅಂದಾಜಿನ ಮೇಲೆ ಹೇಳುತ್ತೇನೆ. ನಾಳ ಮುಚ್ಚಿದ್ದವರಲ್ಲಿ ಮೂವರಿಗೆ ಒಬ್ಬರು ಮೊದಲೆರಡು ದಿನದಲ್ಲಿ ಕುಸಿದರು. ನಾಳ ಸರಿಯಿದ್ದವರಲ್ಲಿ ಹದಿನೈದು ಇಪ್ಪತ್ತಕ್ಕೆ ಒಬ್ಬರು. ಆ ಒಬ್ಬರು ಹೆಚ್ಚಾಗಿ ಲಾಕ್ಯುನಾರ್, ಅಂದರೆ ಮೆದುಳಿನ ಆಳದ ಸಣ್ಣ ಕವಲು ಮುಚ್ಚುವ ಸ್ಟ್ರೋಕ್. ಕೈಕಾಲಿನ ಶಕ್ತಿ ಬಂದು, ಹೋಗಿ, ಮತ್ತೆ ಬಂದು, ಕೊನೆಗೆ ಪೂರ್ತಿ ನಿಲ್ಲುವ ಕೇಸುಗಳು. ಆ ಸಣ್ಣ ಕವಲು ಆಂಜಿಯೋದಲ್ಲಿ ಕಾಣುವುದೇ ಇಲ್ಲ. ಹಾಗಾಗಿ ಆಂಜಿಯೋ ಚೆನ್ನಾಗಿದೆ ಅಂತ ಯಾರನ್ನೂ ಅದೇ ದಿನ ಮನೆಗೆ ಕಳಿಸುವುದಿಲ್ಲ. ನಾಳ ಕಿರಿದಾಗಿದೆ ಆದರೆ ಮುಚ್ಚಿಲ್ಲ ಅನ್ನುವವರು ಇಲ್ಲೇ ಇರುತ್ತಾರೆ. ಹೆಪ್ಪು ತಡೆಯುವ ಆಸ್ಪಿರಿನ್, ಕ್ಲೋಪಿಡೋಗ್ರೆಲ್, ಜೊತೆಗೆ ದೊಡ್ಡ ಡೋಸ್ ಸ್ಟ್ಯಾಟಿನ್ (ಕೊಲೆಸ್ಟ್ರಾಲ್ ಮಾತ್ರೆ). ಮೆದುಳಿನೊಳಗಿನ ನಾಳ 70 ಶೇಕಡಾಕ್ಕಿಂತ ಹೆಚ್ಚು ಕಿರಿದಾಗಿದ್ದರೆ ಹೆಪ್ಪು ತಡೆಯುವ ಎರಡೂ ಮಾತ್ರೆ 90 ದಿನ.

ಈ ನಡುವೆ ಹೃದಯ ನೋಡುವ ಎಕೋ (ಅಲ್ಟ್ರಾಸೌಂಡ್) ಪ್ರೋಬನ್ನು ಕಿವಿಯ ಮುಂದೆ ಇಟ್ಟು ಎಂಸಿಎ ನೋಡಲು ಶುರು ಮಾಡಿದ್ದೇನೆ. 50 ಮಿ.ಮೀ. ಆಳದ ಆಸುಪಾಸು ಹರಿವು ಸಿಗುತ್ತದೆ. ಸರಾಸರಿ ವೇಗ ಸೆಕೆಂಡಿಗೆ 100 ಸೆಂ.ಮೀ. ದಾಟಿದರೆ ಕಿರಿದಾಗಿದೆ ಅಂತ ಅನುಮಾನ. ವಯಸ್ಸಾದ ಹೆಂಗಸರಲ್ಲಿ ಎಷ್ಟೋ ಜನಕ್ಕೆ ಮೂಳೆ ದಪ್ಪ, ಏನೂ ಕಾಣುವುದಿಲ್ಲ. ಆದರೂ ಕರೆಂಟ್ ಹೋಗಿ ಸಿಟಿ ನಿಂತ ರಾತ್ರಿಗಳಲ್ಲಿ ಬ್ಯಾಟರಿ ಮೇಲೆ ಓಡುವ ಮಿಷನ್ ಇದೊಂದೇ. ಇದರ ರೀಡಿಂಗ್‌ಗಳನ್ನು ಮರುದಿನದ ಆಂಜಿಯೋ ಜೊತೆ ಹೋಲಿಸಿ ಬರೆದಿಡುತ್ತಿದ್ದೇನೆ. ಇನ್ನೊಂದು ಮಳೆಗಾಲ ಕಳೆದರೆ ಹೇಳುವಷ್ಟು ಸೇರುತ್ತದೆ.