ರಾಯಚೂರಿನ ಮೇ ಬಿಸಿಲಲ್ಲಿ ಕ್ಯಾಸೆಟ್ ಕಂಪ್ಯೂಟರ್ ಓಡಿಸಿದ ಬಗೆ

ಹಳೆಯ ಕ್ಯಾಸೆಟ್ ಕಂಪ್ಯೂಟರನ್ನು ಓಡಿಸುತ್ತೇನೆ ಎಂದಾಗ, ಎಮ್ಯುಲೇಟರ್ (ಹೊಸ ಕಂಪ್ಯೂಟರಿನಲ್ಲಿ ಅದನ್ನು ಅನುಕರಿಸುವ ತಂತ್ರಾಂಶ) ಹಾಕಿ ಮುಗಿಸಿಬಿಡಿ ಎಂದವರೇ ಹೆಚ್ಚು. ಮೂವತ್ತೈದು ವರ್ಷ ದಾಟಿದ ಬೋರ್ಡು, ರಾಯಚೂರಿನ ಬಿಸಿಲು, ಅದರ ಮೇಲೆ ಕೇರಿಯ ಮಕ್ಕಳ ಕೈ. ಅರ್ಧ ಗಂಟೆಯೂ ನಿಲ್ಲುವುದಿಲ್ಲ ಎಂದು ಬೆಂಗಳೂರಿನ ಗೆಳೆಯರು ತೀರ್ಪು ಕೊಟ್ಟಿದ್ದರು. ಈ ಬೇಸಿಗೆಯ ಭಾನುವಾರಗಳಲ್ಲಿ, ಹೊರಗೆ 42 ಡಿಗ್ರಿ ಇದ್ದಾಗಲೂ, ಟಿವಿಗೆ ಜೋಡಿಸುವ ನನ್ನ ಹಳೆಯ ಮನೆ ಕಂಪ್ಯೂಟರ್ ಡಿಬಿ ಸ್ಪೆಕ್ಟ್ರಮ್ ಪ್ಲಸ್ ಊಟದ ಹೊತ್ತಿನಿಂದ ದೀಪ ಹಚ್ಚುವವರೆಗೆ ನಿಲ್ಲದೆ ಓಡಿದೆ. ಅಸಲಿ ಬೋರ್ಡು, ಅಸಲಿ ಕ್ಯಾಸೆಟ್, ಪಿಕ್ಚರ್ ಟ್ಯೂಬಿನ ಟಿವಿ. ಹೇಗೆ ಓಡಿತು ಎಂದು ಈಗ ಅವರೇ ಕೇಳುತ್ತಿದ್ದಾರೆ, ಅದಕ್ಕೆ ಬರೆಯುತ್ತಿದ್ದೇನೆ.

ಯಂತ್ರ ಸಿಕ್ಕಿದ್ದು ಶಕ್ತಿನಗರದ ಕಡೆಯಿಂದ ಬಂದ ಗುಜರಿಯಲ್ಲಿ. 1985ರಲ್ಲಿ ಶಾಖೋತ್ಪನ್ನ ಕೇಂದ್ರದ ಮೊದಲ ಘಟಕ ಶುರುವಾದ ಮೇಲೆ ಹೊರಗಿನಿಂದ ಬಂದ ಎಂಜಿನಿಯರುಗಳ ಮನೆಗಳಲ್ಲಿ ಇಂಥವು ಒಂದೆರಡಾದರೂ ಇದ್ದಿರಬೇಕು ಎಂಬ ನನ್ನ ಊಹೆ ಸುಳ್ಳಾಗಲಿಲ್ಲ. ಇಂಗ್ಲೆಂಡಿನ ಸಿಂಕ್ಲೇರ್ ಕಂಪನಿಯ ಪರವಾನಗಿಯಲ್ಲಿ ಪುಣೆಯ ಡೆಸಿ ಬೆಲ್ಸ್ ಮಾರುತ್ತಿದ್ದ ಮಾದರಿ ಇದು. ಗುಜರಿಯವರು ಕೀಬೋರ್ಡ್ ಎಂದು ತೂಕಕ್ಕೆ ಹಾಕಲು ಹೊರಟಿದ್ದರು. ಎಂಟು ನೂರಕ್ಕೆ ಕೊಟ್ಟರು, ಜೊತೆಗೆ ಒಂದು ಚೀಲ ಕ್ಯಾಸೆಟ್ಟು.

ಆನ್ ಮಾಡಿದರೆ ಪರದೆಯ ತುಂಬ ಕಪ್ಪು ಬಿಳಿ ಪಟ್ಟೆ. ಈ ಯಂತ್ರ ಬಲ್ಲವರಿಗೆ ಇದು ಗೊತ್ತಿರುವ ರೋಗ. 12 ವೋಲ್ಟ್ ಇರಲಿಲ್ಲ, ಅದನ್ನು ಹುಟ್ಟಿಸುವ ಟ್ರಾನ್ಸಿಸ್ಟರ್ ಟಿಆರ್4 ಸತ್ತಿತ್ತು. ಸಾಯುವಾಗ ಅದು ಮೆಮೊರಿಯ ಕೆಳಗಿನ 16ಕೆಯ (16 ಕಿಲೋಬೈಟಿನ) ಎಂಟು 4116 ಚಿಪ್‌ಗಳಲ್ಲಿ ಕೆಲವನ್ನು ಜೊತೆಗೆ ಕರೆದುಕೊಂಡು ಹೋಗಿತ್ತು. ಟ್ರಾನ್ಸಿಸ್ಟರಿಗೆ ಇಪ್ಪತ್ತು ರೂಪಾಯಿ. ನೋವು ಕೊಟ್ಟಿದ್ದು ಚಿಪ್‌ಗಳು. ಆನ್‌ಲೈನಿನಲ್ಲಿ ತರಿಸಿದ ಮೊದಲ ಸರಕು ಹೊರಗೆ 4116 ಎಂದು ಅಚ್ಚಾಗಿದ್ದರೂ ಒಳಗೆ ಬೇರೇನೋ ಆಗಿತ್ತು, ಸಾವಿರದ ಇನ್ನೂರು ನೀರಿಗೆ ಹೋಯಿತು. ಎರಡನೆಯ ಸಲ ತರಿಸಿದವು ಹಳೆಯ ಬೋರ್ಡುಗಳಿಂದ ಬಿಚ್ಚಿದವು. ಕಾಲು ಮೋಟಾಗಿದ್ದರೂ ಜೀವ ಇತ್ತು. ಎಂಟೂ ಜಾಗಕ್ಕೆ ಐದೇ ವೋಲ್ಟಿನಲ್ಲಿ ಓಡುವ 4164 ಚಿಪ್ ಹಾಕಿ 12 ವೋಲ್ಟಿನ ತಂಟೆಯನ್ನೇ ಕಡಿದುಹಾಕು ಎಂದು ಹಲವರು ಹೇಳಿದರು. ಬಣ್ಣದ ಐಸಿ ಎಲ್‌ಎಂ1889ಕ್ಕೂ ಅದೇ 12 ವೋಲ್ಟ್ ಬೇಕಲ್ಲ? ದಾರಿ ಕಡಿದು ಪಕ್ಕದಲ್ಲಿ ಇನ್ನೊಂದು ದಾರಿ ಹಾಕುವುದಕ್ಕಿಂತ ಮೂಲದ್ದನ್ನೇ ಸರಿಮಾಡಿದ್ದು ಒಳ್ಳೆಯದಾಯಿತು. ಎಲ್ಲಕ್ಕೂ ಸಾಕೆಟ್ ಹಾಕಿದ್ದೇನೆ, ಮುಂದೆ ಯಾರು ಸತ್ತರೂ ಎರಡು ನಿಮಿಷದ ಕೆಲಸ.

ಬಿಸಿಯ ವಿಷಯಕ್ಕೆ ಬರುತ್ತೇನೆ, ಜಗಳ ಇದ್ದದ್ದೇ ಅಲ್ಲಿ. ಒಳಗಿನ ವೋಲ್ಟೇಜ್ ರೆಗ್ಯುಲೇಟರ್ 7805 ಒಂಬತ್ತು ವೋಲ್ಟ್ ನುಂಗಿ ಐದು ಕೊಡುತ್ತದೆ, ಉಳಿದದ್ದು ಪೂರ್ತಿ ಬಿಸಿ. ಇಂಗ್ಲೆಂಡಿನ ಚಳಿಯಲ್ಲಿ ಅದು ಕೈ ಕಾಯಿಸಿಕೊಳ್ಳಲು ಚೆನ್ನ. ನನ್ನ ತಗಡಿನ ಮಾಳಿಗೆಯ ಕೋಣೆ ಮೇ ತಿಂಗಳಲ್ಲಿ ಒಳಗೇ 38 ಇರುತ್ತದೆ. ಮೊದಲು ದೊಡ್ಡ ಹೀಟ್‌ಸಿಂಕ್ ಹಾಕಿದೆ, ಮುಚ್ಚಳ ಕೂರಲಿಲ್ಲ. ಫ್ಯಾನ್ ಇಟ್ಟೆ. ಅದು ಬೋರ್ಡಿನ ಮೇಲೆ ರಾಯಚೂರಿನ ಧೂಳನ್ನು ಹರಡಿದ್ದಷ್ಟೇ ಲಾಭ. ಕೊನೆಗೆ 7805 ಕಿತ್ತು ಅದೇ ಮೂರು ಕಾಲಿನ ಸ್ವಿಚಿಂಗ್ ಮಾಡ್ಯೂಲ್ ಕೂರಿಸಿದೆ, ಸುಮಾರು ಮುನ್ನೂರೈವತ್ತು ರೂಪಾಯಿ. ಬಿಸಿ ಮಾಯ. ಆದರೆ ಪರದೆಯ ಮೇಲೆ ಓರೆ ಗೆರೆಗಳು ಓಡಾಡತೊಡಗಿದವು, ಟೇಪ್ ಲೋಡಿಂಗ್ ಕೂಡ ಕೆಟ್ಟಿತು. ಎಲ್ಲರೂ ಕೈಬಿಡುವುದು ಇಲ್ಲಿಯೇ. ಮಾಡ್ಯೂಲಿನ ಮುಂದೆ ಹಿಂದೆ ಒಂದು ಕಾಯಿಲ್, ಎರಡು ಕೆಪಾಸಿಟರ್ ಸೇರಿಸಿದರೆ ಗೆರೆ ಹೋಗುತ್ತದೆ. ಅವು ಎಷ್ಟೆಷ್ಟರ ಅಳತೆಯವಿರಬೇಕು ಎಂದು ಹುಡುಕುವುದರಲ್ಲಿ ಒಂದು ಮಳೆಗಾಲವೇ ಕಳೆಯಿತು, ಆ ಅಳತೆಗಳನ್ನು ಇಲ್ಲಿ ಬರೆಯುವುದಿಲ್ಲ. ಬೋರ್ಡು ಹಿಡಿದು ಮನೆಗೆ ಬನ್ನಿ, ಹಾಕಿಕೊಡುತ್ತೇನೆ. ಪರದೆಯ ಚಿತ್ರ ಮೂಡಿಸುವ ಯುಎಲ್‌ಎ ಚಿಪ್ ಮೇಲೆ ಒಂದು ಚಿಕ್ಕ ಹೀಟ್‌ಸಿಂಕ್ ಮಾತ್ರ ಮರೆಯಬೇಡಿ.

ಟಿವಿಯದು ಸುಲಭ. ಚಿತ್ರವನ್ನು ಆಂಟೆನಾ ಸಿಗ್ನಲ್ಲಾಗಿ ಬದಲಿಸುವ ಮಾಡ್ಯುಲೇಟರನ್ನು ಬದಿಗಿಟ್ಟು ಕಾಂಪೊಸಿಟ್ ವಿಡಿಯೊವನ್ನು ನೇರ ತೆಗೆದೆ. ತೀನ್ ಕಂದೀಲ್ ಹತ್ತಿರದ ಟಿವಿ ಮೆಕ್ಯಾನಿಕ್ ಒಬ್ಬರು ಹದಿನಾಲ್ಕು ಇಂಚಿನ ಸೆಟ್ಟನ್ನು ದುಡ್ಡು ಬೇಡ ಎಂದೇ ಕೊಟ್ಟರು. "ಭಾಯಿ, ಇದನ್ನು ಕೇಳಿಕೊಂಡು ಬಂದವರು ಈಚೆಗೆ ನೀವೊಬ್ಬರೇ" ಎಂದರು. ಬಲವಂತವಾಗಿ ಐನೂರು ಕೊಟ್ಟು ಬಂದೆ.

ಕ್ಯಾಸೆಟ್ಟಿನ ಕಥೆ ದೊಡ್ಡದು. ಈ ಯಂತ್ರದ ಆಟಗಳು ಅದರಲ್ಲಿ ಸದ್ದಿನ ರೂಪದಲ್ಲಿರುತ್ತವೆ. ನಮ್ಮ ಒಣ ಹವೆಯಿಂದ ಬೂಸ್ಟು ಹಿಡಿದಿರಲಿಲ್ಲ, ಅದು ಭಾಗ್ಯ. ಆದರೆ ಟೇಪನ್ನು ಹೆಡ್ಡಿಗೆ ಒತ್ತುವ ಪುಟ್ಟ ಪ್ಯಾಡುಗಳ ಅಂಟು ಒಣಗಿ ಉದುರಿದ್ದವು. ಸ್ಕ್ರೂ ಇರುವ ಭಜನೆ ಕ್ಯಾಸೆಟ್ಟುಗಳನ್ನು ಹತ್ತು ರೂಪಾಯಿಗೊಂದರಂತೆ ಕೊಂಡು ಅವುಗಳ ಪ್ಯಾಡು ಕಿತ್ತು ಇವಕ್ಕೆ ಹಾಕಿದೆ. ಟೇಪ್ ರೆಕಾರ್ಡರಿನ ಬೆಲ್ಟು ಕರಗಿ ಡಾಂಬರಿನಂತಾಗಿತ್ತು. ರಬ್ಬರ್ ಬ್ಯಾಂಡು ಹಾಡಿಗೆ ಸಾಕು, ಡೇಟಾಗೆ ಸಾಲದು. ವೇಗ ಸ್ವಲ್ಪ ತೂಗಿದರೂ 'ಆರ್ ಟೇಪ್ ಲೋಡಿಂಗ್ ಎರರ್' ಬಂದು ಕುಳಿತುಕೊಳ್ಳುತ್ತದೆ. ಸರಿಯಾದ ಬೆಲ್ಟು ನೂರಿಪ್ಪತ್ತು. ಹೆಡ್ಡಿನ ಓರೆ ಸರಿಮಾಡುವ ಅಜಿಮತ್ ಸ್ಕ್ರೂವನ್ನು ಪ್ರತಿ ಕ್ಯಾಸೆಟ್ಟಿಗೂ ಕಿವಿಯಿಂದಲೇ ತಿರುಗಿಸುತ್ತೇನೆ, ಡೇಟಾಗೆ ಮೊದಲು ಬರುವ ಪೈಲಟ್ ಸ್ವರ ಅತ್ಯಂತ ಚೂಪಾಗಿ ಕೇಳುವ ಜಾಗದಲ್ಲಿ ನಿಲ್ಲಿಸಬೇಕು.

ಇಷ್ಟಾದರೂ ಮಧ್ಯಾಹ್ನ ಕರೆಂಟು ಹೋದಾಗ ಮಾತ್ರ ಲೋಡಿಂಗ್ ಸೋಲುತ್ತಿತ್ತು. ಇನ್ವರ್ಟರ್ ಕಾರಣ. ಅದರ ಚೌಕಾಕಾರದ ಅಲೆಯ ಗುಂಯ್‌ಗುಡುವಿಕೆ ರೆಕಾರ್ಡರಿನೊಳಗೆ ನುಗ್ಗಿ ಸದ್ದಿಗೆ ಬೆರೆಯುತ್ತಿತ್ತು. ರೆಕಾರ್ಡರಿಗೆ ನಾಲ್ಕು ದೊಡ್ಡ ಸೆಲ್ ಹಾಕಿದೆ, ಅಲ್ಲಿಗೆ ಮುಗಿಯಿತು. ಈ ಒಂದು ಉಪಾಯಕ್ಕೆ ನನಗೆ ಈಗಲೂ ಹೆಮ್ಮೆ ಇದೆ.

ನಡುವೆ ಕೆಲವು ಅಡ್ಡದಾರಿಗಳನ್ನೂ ಹಿಡಿದೆ. ಮೊಬೈಲಿನಿಂದ ವೈರು ಹಾಕಿ ಪೂರ್ತಿ ವಾಲ್ಯೂಮಿನಲ್ಲಿ ಲೋಡ್ ಮಾಡುವುದು ಎಲ್ಲರಿಗೂ ಗೊತ್ತು. ಫೋನ್ ಕರೆಯಲ್ಲೇ ಆಟ ಕಳಿಸಬಹುದೇ ಎಂದು ಗಂಗಾವತಿಯ ಗೆಳೆಯನಿಂದ ಪ್ಲೇ ಮಾಡಿಸಿದೆ. ಪರದೆಯ ಅಂಚಿನಲ್ಲಿ ಪೈಲಟ್ಟಿನ ಕೆಂಪು–ಆಕಾಶನೀಲಿ ಪಟ್ಟೆ ಬಂತು, ಡೇಟಾ ಶುರುವಾದೊಡನೆ ಕುಸಿಯಿತು. ಮೊಬೈಲ್ ಜಾಲ ಮನುಷ್ಯರ ಮಾತಿಗೆ ತಕ್ಕಂತೆ ಸದ್ದನ್ನು ಹಿಂಡುತ್ತದೆ, ಬಿಟ್ಟುಗಳ ಅಂಚು ಉಳಿಯುವುದಿಲ್ಲ. ಇನ್ನೊಂದು ಪ್ರಯೋಗ ಚೆನ್ನಾಗಿ ಫಲಿಸಿತು. ಈ ಯಂತ್ರದಲ್ಲಿ ನಾವೇ ರೂಪಿಸಬಹುದಾದ ಅಕ್ಷರಗಳು 21, ಒಂದೊಂದೂ ಎಂಟಕ್ಕೆಂಟು ಚುಕ್ಕೆ. ಆ ಜಾಗದಲ್ಲಿ ಕನ್ನಡದ 'ಯ' ಇಕ್ಕಟ್ಟಾಗುತ್ತದೆ, 'ಚೂ' ಕೂರುವುದೇ ಇಲ್ಲ. ಅಕ್ಷರಕ್ಕೆ ಎರಡು ಮನೆ ಕೊಟ್ಟು, ದೀರ್ಘವನ್ನು ಬೇರೆ ಮನೆಯಲ್ಲಿಟ್ಟು 'ರಾಯಚೂರು' ಎಂದು ಮೂಡಿಸಿದೆ. ಒತ್ತಕ್ಷರಕ್ಕೆ ಕೆಳಗಿನ ಸಾಲೊಂದನ್ನು ಮೀಸಲಿಟ್ಟಿದ್ದೇನೆ, ಆ ಕೆಲಸ ಇನ್ನೂ ನಡೆಯುತ್ತಿದೆ.

ಗೆಳೆಯರ ಎರಡನೆಯ ಅನುಮಾನ ಮಕ್ಕಳ ಮೇಲೆ. ಆಟ ಲೋಡ್ ಆಗಲು ನಾಲ್ಕೈದು ನಿಮಿಷ ಬೇಕು, ಮೊಬೈಲ್ ಹಿಡಿದು ಬೆಳೆದವರು ಕಾಯುತ್ತಾರೆಯೇ? ಕಾಯುತ್ತಾರೆ, ಆದರೆ ಕೆಲಸವನ್ನು ಅವರ ಕೈಗೆ ಕೊಡಬೇಕು. ನಾನು ಕ್ಯಾಸೆಟ್ ಮುಟ್ಟುವುದೇ ಇಲ್ಲ. ಒಬ್ಬರು 'ಲೋಡ್' ಒತ್ತುತ್ತಾರೆ, ಒಬ್ಬರು ರೆಕಾರ್ಡರ್ ಹಿಡಿಯುತ್ತಾರೆ, ಮತ್ತೊಬ್ಬರು ಪಟ್ಟೆಗಳ ಬಣ್ಣ ಕೂಗುತ್ತಾರೆ. ನೀಲಿ–ಹಳದಿ ಬಂದರೆ ಡೇಟಾ ಬರುತ್ತಿದೆ ಎಂಬುದು ಈಗ ಕೇರಿಯ ಐದನೇ ತರಗತಿಯ ಹುಡುಗಿಗೂ ಗೊತ್ತು. 1983ರ ಮ್ಯಾನಿಕ್ ಮೈನರ್ ಎಲ್ಲರ ಅಚ್ಚುಮೆಚ್ಚು. ಗಣಿಯೊಳಗಿನ ಇಪ್ಪತ್ತು ಗುಹೆ, ಕೆಳಗೆ ಗಾಳಿ ಮುಗಿಯುವ ಪಟ್ಟಿ. ಹಟ್ಟಿ ಚಿನ್ನದ ಗಣಿಯಲ್ಲಿ ಮಾವ ಕೆಲಸ ಮಾಡುವ ಹುಡುಗನೊಬ್ಬ "ಕಾಕಾ, ಅಲ್ಲಿಯೂ ಹೀಗೆ ಗಾಳಿ ಅಳೆಯುತ್ತಾರಾ?" ಎಂದು ಕೇಳಿದ. ಮುಂದಿನ ವಾರ ಮಾವನನ್ನೇ ಕರೆತಂದ. ಅವರು ಗಣಿಯೊಳಗೆ ಗಾಳಿ ಹಾಯಿಸುವ ಬಗೆಯನ್ನು ವಿವರಿಸಿದರು, ಆಮೇಲೆ ತಾವೂ ಮೂರನೆಯ ಗುಹೆ ತಲುಪಿದರು.

ಕೀಲಿಗಳ ಕೆಳಗಿನ ಮೆಂಬ್ರೇನ್ (ಒತ್ತಿದ್ದನ್ನು ಗುರುತಿಸುವ ತೆಳು ಹಾಳೆ) ಈ ಕೈಗಳಿಗೆ ತಡೆಯುತ್ತದೆಯೇ? ಹಳೆಯದು ಮುಟ್ಟಿದೊಡನೆ ಸೀಳಿತ್ತು. ಹೊರದೇಶದಿಂದ ಹೊಸದು ತರಿಸಲು ಸುಂಕ ಸೇರಿ ಎರಡು ಸಾವಿರದ ಹತ್ತಿರ ಹೋಯಿತು, ಎರಡು ಬೇಸಿಗೆ ಕಳೆದರೂ ಒಂದು ಕೀಲಿಯೂ ಕೈಕೊಟ್ಟಿಲ್ಲ. ಎಡಬದಿಯ ರೀಸೆಟ್ ಗುಂಡಿಗೆ ಮಾತ್ರ ಪಿವಿಸಿ ಪೈಪಿನ ತುಂಡಿನಿಂದ ಬೇಲಿ ಕಟ್ಟಿದ್ದೇನೆ.

ಒಟ್ಟು ಖರ್ಚು, ನೀರಿಗೆ ಹೋದದ್ದೂ ಸೇರಿ, ಒಂಬತ್ತು ಸಾವಿರದ ಆಸುಪಾಸು. ಅದರಲ್ಲಿ ಮೂರು ಸಾವಿರವನ್ನಾದರೂ ನೀವು ಉಳಿಸಬಹುದು. ಹಳೆಯ ಬೋರ್ಡಿನಿಂದ ಬಿಚ್ಚಿದ ಚಿಪ್‌ಗಳನ್ನೇ ಕೊಳ್ಳಿ, ಅಡಾಪ್ಟರ್ ಕೊಳ್ಳುವಾಗ ಪಿನ್ನಿನ ನಡುಭಾಗ ಋಣ (ಮೈನಸ್) ಇರುವುದನ್ನು ಮೀಟರಿನಲ್ಲಿ ನೋಡಿಯೇ ಚುಚ್ಚಿ. ಈಗ ಮೇಜಿನ ಮೇಲೆ 60 ಪಿನ್ನಿನ ಕಾರ್ಟ್ರಿಜ್ಜಿನ ಟಿವಿ ಗೇಮೊಂದು ಬಿಚ್ಚಿಕೊಂಡು ಕುಳಿತಿದೆ. ಅದರ ಬಂದೂಕಿಗೆ ಪಿಕ್ಚರ್ ಟ್ಯೂಬೇ ಬೇಕು, ಎಲ್‌ಇಡಿ ಟಿವಿಯಲ್ಲಿ ಗುರಿ ಸಿಗುವುದಿಲ್ಲ. ಸಿಂಧನೂರು, ಮಾನ್ವಿ, ಲಿಂಗಸುಗೂರಿನ ಕಡೆ ಯಾರ ಅಟ್ಟದ ಮೇಲಾದರೂ ಇಪ್ಪತ್ತೊಂದು ಇಂಚಿನ ಸೆಟ್ಟಿದ್ದರೆ ಗುಜರಿಗೆ ಹಾಕುವ ಮೊದಲು ನನಗೆ ಹೇಳಿ, ಆಟೋ ಬಾಡಿಗೆ ನಾನೇ ಕೊಡುತ್ತೇನೆ.