ನೀರು ಕಾದ ಮೇಲೆ ಗಾಳ ಎತ್ತಿಡಿ: ಕೊಲರಾಡೊದಲ್ಲಿ ನನ್ನ ಮೂರು ಬೇಸಿಗೆ

ಕಳೆದ ಆಗಸ್ಟ್‌ನಲ್ಲಿ ಡೆಕ್ಕರ್ಸ್ ಎಂಬ ಊರಿನ ಬಳಿ ಸೌತ್ ಪ್ಲಾಟ್ ನದಿಯಿಂದ ಬೆಳಿಗ್ಗೆ ಒಂಬತ್ತೂವರೆಗೆ ದಡ ಹತ್ತಿದೆ. ಆಗಷ್ಟೇ ಬಂದಿಳಿದ ಇಬ್ಬರು ಕನ್ನಡದ ಗೆಳೆಯರು, "ಇಷ್ಟು ಬೇಗ ಹೊರಟರೆ ಏನು ಸಿಗುತ್ತದೆ ನಿಮಗೆ?" ಎಂದು ಕೇಳಿದರು. ಅಷ್ಟರಲ್ಲಿ ನಾನು ಐದು ಟ್ರೌಟ್ (ತಣ್ಣೀರಿನ ಮೀನು) ಹಿಡಿದು ಮತ್ತೆ ನೀರಿಗೆ ಬಿಟ್ಟಾಗಿತ್ತು. ಆ ಬೇಸಿಗೆ ಇಪ್ಪತ್ತು ಬೆಳಗುಗಳಲ್ಲಿ ಅರವತ್ತರ ಹತ್ತಿರ ಮೀನು ಸಿಕ್ಕಿರಬೇಕು. ನನ್ನ ಕಣ್ಣೆದುರು ಸತ್ತದ್ದು ಒಂದೇ, ಅದೂ ಕಿವಿರಿಗೆ ಕೊಕ್ಕೆ ಸಿಕ್ಕಿಕೊಂಡು.

ಈ ಲೆಕ್ಕಕ್ಕೆ ಬರಲು ಎರಡು ಬೇಸಿಗೆ ಕೈಬಿಟ್ಟುಹೋದವು. ನಾನು ತೀರ್ಥಹಳ್ಳಿಯ ಕಡೆಯವನು. ಜುಲೈ ಎಂದರೆ ನಮ್ಮಲ್ಲಿ ತುಂಗೆ ಕೆಂಪಾಗಿ ತುಂಬಿ ಹರಿಯುವ ಕಾಲ; ನೀರು ಬಿಸಿಯಾಗಿ ಮೀನು ಸೋಲುತ್ತದೆ ಎಂಬುದು ನನ್ನ ತಲೆಗೇ ಹೊಳೆದಿರಲಿಲ್ಲ. ಮೊದಲ ವರ್ಷ ಡೆನ್ವರ್ ಸಮೀಪದ ಸಣ್ಣ ತೊರೆಯೊಂದರಲ್ಲಿ ಮಧ್ಯಾಹ್ನ ಮೂರಕ್ಕೆ ಒಳ್ಳೆಯ ಕಂದು ಟ್ರೌಟ್ ಹಿಡಿದೆ. ತೆಳು ನೂಲಿನಲ್ಲಿ ಐದಾರು ನಿಮಿಷ ಆಡಿಸಿ, ಚಿತ್ರ ತೆಗೆದು ಬಿಟ್ಟೆ. ಚೆನ್ನಾಗಿಯೇ ಈಜಿಹೋಯಿತು. ಅರ್ಧ ಗಂಟೆಯ ನಂತರ ಕೆಳಗಿನ ಮಡುವಿನಲ್ಲಿ ಅದೇ ಮೀನು ಹೊಟ್ಟೆ ಮೇಲಾಗಿ ತೇಲುತ್ತಿತ್ತು. ನೀರು 71 ಡಿಗ್ರಿ ಫ್ಯಾರನ್‌ಹೀಟ್ ಇತ್ತು, ಅಂದರೆ ಸುಮಾರು 22 ಸೆಲ್ಸಿಯಸ್; ದಣಿದ ಟ್ರೌಟ್ ಚೇತರಿಸಿಕೊಳ್ಳಲಾಗದಷ್ಟು ಬಿಸಿ. ಆ ದೃಶ್ಯ ಇಂದಿಗೂ ಹಿಂಸೆ ಕೊಡುತ್ತದೆ.

ಎರಡನೆಯ ವರ್ಷ ಸಂಜೆಯನ್ನು ನಂಬಿದೆ. ಸೂರ್ಯ ಮುಳುಗಿ ಗಾಳಿ ತಣ್ಣಗಾಗಿದ್ದರೂ ಎಂಟು ಗಂಟೆಗೆ ನೀರು 69ರಲ್ಲೇ ನಿಂತಿತ್ತು. ಹಗಲೆಲ್ಲ ಕಾದ ನದಿ ಆರಲು ಇಡೀ ರಾತ್ರಿ ಬೇಕು. ಮಾಂಟಾನಾ ರಾಜ್ಯದಲ್ಲಿ ನೀರು ಸತತ ಮೂರು ದಿನ 73 ಮುಟ್ಟಿದರೆ ಮಧ್ಯಾಹ್ನ ಎರಡರಿಂದ ನಡುರಾತ್ರಿಯವರೆಗೆ ಗಾಳ ನಿಷೇಧಿಸುವುದು ಇದಕ್ಕೇ ಎಂದು ಆಗ ಅರ್ಥವಾಯಿತು. ಅದೇ ವರ್ಷ ಮೀನು ಹಿಡಿಯಲು ಕರೆದೊಯ್ಯುವ ಮಾರ್ಗದರ್ಶಕರೊಬ್ಬರಿಗೆ ನಾನೂರು ಡಾಲರ್‌ಗೂ ಮಿಗಿಲಾಗಿ ತೆತ್ತೆ. ಅವರು ಒಮ್ಮೆಯೂ ನೀರಿಗೆ ಥರ್ಮಾಮೀಟರ್ ಇಳಿಸಲಿಲ್ಲ. ಇಪ್ಪತ್ತು ಡಾಲರ್‌ನ ಥರ್ಮಾಮೀಟರ್ ಕಲಿಸಿದಷ್ಟನ್ನು ಆ ದಿನ ಕಲಿಸಲಿಲ್ಲ. (ಗಾಜಿನದು ಕೊಳ್ಳಬೇಡಿ, ಎರಡು ಒಡೆದುಕೊಂಡಿದ್ದೇನೆ.)

ಮೂರನೆಯ ವರ್ಷ ಗಡಿಯಾರ ಬಿಟ್ಟು ನೀರಿನ ಮಾತು ಕೇಳಿದೆ. ಸೌತ್ ಪ್ಲಾಟ್ ನದಿಯ ಚೀಸ್‌ಮನ್ ಅಣೆಕಟ್ಟೆಯ ಆಳದಿಂದ ಬರುವ ನೀರು ತಣ್ಣಗಿರುತ್ತದೆ, ಕೆಳಕ್ಕೆ ಹರಿದಷ್ಟೂ ಕಾಯುತ್ತದೆ. ಹಾಗಾಗಿ ನಾಲ್ಕಕ್ಕೆ ಮನೆ ಬಿಟ್ಟು ಬೆಳಕು ಹರಿಯುವಾಗ ಮೇಲ್ಭಾಗದಲ್ಲಿ ಇಳಿಯುತ್ತಿದ್ದೆ. ಅರ್ಧ ಗಂಟೆಗೊಮ್ಮೆ ಅಳತೆ. 65ಕ್ಕೆ ಕೊನೆಯ ಎಸೆತ, 67ಕ್ಕೆ ಮನೆ ದಾರಿ. 68ರವರೆಗೂ ಹಿಡಿಯಬಹುದು ಎನ್ನುವವರಿದ್ದಾರೆ. ಬಿಸಿಲೇರುವಾಗ ಆ ಒಂದು ಡಿಗ್ರಿ ಕಣ್ಣು ಮಿಟುಕಿಸುವಷ್ಟರಲ್ಲಿ ದಾಟುತ್ತದೆ. ಮೀನನ್ನು ಬೇಗ ಎಳೆಯಲೆಂದು ತೆಳುವಾದ 6ಎಕ್ಸ್ ನೂಲು ಬಿಟ್ಟು 4ಎಕ್ಸ್ ಕಟ್ಟಿದೆ (ಅಂಕಿ ಇಳಿದಷ್ಟೂ ನೂಲು ದಪ್ಪ). "ದಪ್ಪ ನೂಲು ಕಂಡರೆ ಮೀನು ಮುಟ್ಟುವುದಿಲ್ಲ" ಎಂದರು ಎಲ್ಲರೂ. ಕೊಕ್ಕೆಗೆ ದಾರ ಸುತ್ತಿ ಮಾಡುವ ನಕಲಿ ಕೀಟಗಳಲ್ಲಿ, ಸಣ್ಣ ಟ್ರೈಕೊ ನೊಣಕ್ಕೆ ಅದು ನಿಜವೇ, ಅಲ್ಲಿ ಸೋತೆ. ಮಿಡತೆ, ಇರುವೆಗಳಿಗೆ ಸುಳ್ಳು. ಮರುಮುಳ್ಳು (ಹಿಂದಕ್ಕೆ ಚಾಚಿದ ಮೊನೆ) ಅದುಮಿದ ಕೊಕ್ಕೆ, ರಬ್ಬರ್ ಬಲೆ, ಒಂದು ನಿಮಿಷದೊಳಗೆ ಮೀನು ಬಲೆಗೆ. ನೀರಿನಿಂದ ಮೇಲೆ ಎತ್ತುವುದೇ ಇಲ್ಲ, ಚಿತ್ರಗಳೂ ಇಲ್ಲ. ನನ್ನ ಇರುವೆಗೆ ಯಾವ ಬಣ್ಣದ ದಾರ ಸುತ್ತುತ್ತೇನೆ ಎಂಬುದನ್ನು ಮಾತ್ರ ಹೇಳುವುದಿಲ್ಲ.

ಮಡುವಿನ ತಳದಲ್ಲಿ ತಂಪಿರಬಹುದೆಂದು ದಾರಕ್ಕೆ ಥರ್ಮಾಮೀಟರ್ ಕಟ್ಟಿ ಇಳಿಸಿಯೂ ನೋಡಿದೆ. ಹರಿವಿನಲ್ಲಿ ಮೇಲೂ ಕೆಳಗೂ ಒಂದು ಡಿಗ್ರಿಯ ವ್ಯತ್ಯಾಸವೂ ಇರಲಿಲ್ಲ. ಒಂದೆಡೆ ಮಾತ್ರ ಬಂಡೆಯಡಿಯಿಂದ ಒರತೆ ಸೇರುತ್ತಿತ್ತು, 58 ಡಿಗ್ರಿ. ಹದಿನೈದಿಪ್ಪತ್ತು ಟ್ರೌಟ್ ಮೈಗೆ ಮೈ ತಾಗಿಸಿ ನಿಂತಿದ್ದವು. ಬಿಸಿಯಿಂದ ತಪ್ಪಿಸಿಕೊಂಡು ಬಂದವುಗಳಿಗೆ ಅಲ್ಲಿ ಗಾಳ ಹಾಕಲಾಗದು. ಆ ಜಾಗವನ್ನೂ ಯಾರಿಗೂ ತೋರಿಸಿಲ್ಲ.

ಮಧ್ಯಾಹ್ನ ಕೈ ತುರಿಸಿದರೆ ಡೆನ್ವರ್ ನಗರದೊಳಗಿನ ಅದೇ ನದಿಗೆ ಹೋಗಿ ಗೆಂಡೆ ಮೀನು ಹುಡುಕುತ್ತೇನೆ. ಬಿಸಿ ನೀರು ಅದಕ್ಕೆ ಒಗ್ಗುತ್ತದೆ. ಮೊದಲನೆಯದೇ ನನ್ನ 4ಎಕ್ಸ್ ನೂಲನ್ನು ಹರಿದುಕೊಂಡು ಹೋಯಿತು. ಈಗ 1ಎಕ್ಸ್ ಕಟ್ಟುತ್ತೇನೆ.